ಸಣ್ಣಮ್ಮನ ಮನೆಯಲ್ಲಿ ಮೀನು ನಿಂತದ್ದು

ಮುಟ್ಟಳ್ಳಿಯ ದಿನಕರ ನಾಯ್ಕ ಬದುಕಿದ್ದ ತಾಯಿಗೆ ಸೂತಕ ಹಿಡಿಸಿದ ಸಂಗತಿಯನ್ನು ಭಟ್ಕಳದಿಂದ ಕುಮಟೆಯವರೆಗೆ ಜನ ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗುತ್ತಾರೆ. ಉಪ್ಪು ಖಾರ ಹಚ್ಚುವುದು ಅವರವರ ಇಷ್ಟ. ಆದರೆ ಇದ್ದದ್ದು ಇದ್ದ ಹಾಗೆ ನೋಡಿದರೆ ಇದು ಬಹಳ ಗಂಭೀರವಾದ ವಿಷಯ. ನಗು ಬಂದವರು ದಯವಿಟ್ಟು ಕೊನೆಯವರೆಗೆ ತಡೆದುಕೊಳ್ಳಬೇಕು.

ದಿನಕರ ಭಟ್ಕಳ ಪೇಟೆಯಲ್ಲಿ ನಲ್ಲಿ, ಪೈಪು, ಕಮೋಡು ಮಾರುವ ಅಂಗಡಿಯೊಂದರಲ್ಲಿ ಮ್ಯಾನೇಜರು. ಮ್ಯಾನೇಜರು ಎಂಬುದು ಅವನೇ ಇಟ್ಟುಕೊಂಡ ಹೆಸರು. ಮಾಲಕರು ದುಬೈಯಲ್ಲಿದ್ದುದರಿಂದ ಯಾರೂ ತಕರಾರು ಮಾಡಿರಲಿಲ್ಲ. ಗಲ್ಫಿನ ದುಡ್ಡಿನಲ್ಲಿ ಎದ್ದ ಮನೆಗಳಿಗೆ ಬಂಗಾರದ ಬಣ್ಣದ ನಲ್ಲಿ ಮಾರಿ ಮಾರಿ, ಈ ಜಗತ್ತಿನಲ್ಲಿ ಎಲ್ಲೋ ಏನೋ ಸದಾ ಸೋರುತ್ತಿದೆ ಎಂಬ ಗುಮಾನಿ ಅವನಿಗೆ ಅಂಟಿಕೊಂಡಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನ ಫೋನು ಟಣ್ ಎಂದಿತು. ಸುಖನಿದ್ರೆಯ ಸಂಗೀತ ಕೇಳಿಸುವ ಯಾವುದೋ ಆ್ಯಪಿಗೆ ಅವನ ಖಾತೆಯಿಂದ ಈ ತಿಂಗಳೂ ದುಡ್ಡು ಕಡಿತವಾಗಿದೆ ಎಂದು ಬ್ಯಾಂಕಿನ ಸಂದೇಶ. ಅದು ಬಂದಾಗ ದಿನಕರ ಗಲ್ಲೆಯ ಹಿಂದೆ ನಿದ್ದೆಯಲ್ಲೇ ಇದ್ದ. ಜನ್ಮದಲ್ಲಿ ನಿದ್ದೆ ಬರಲಿಲ್ಲ ಎಂದವನಲ್ಲ. ನಿದ್ದೆಗೆ ದುಡ್ಡು ಕಟ್ಟುತ್ತಿದ್ದೇನೆಂದು ತಿಳಿದ ಕ್ಷಣ ಹೋದ ನಿದ್ದೆ ಒಂದು ವಾರ ತಿರುಗಿ ಬರಲಿಲ್ಲ.

ಹೊನ್ನಾವರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳು ಧನ್ಯಶ್ರೀ, ಫೋನಿನಲ್ಲಿ ಎಲ್ಲಿ ಹೋಗಿ ಎಲ್ಲಿ ಒತ್ತಬೇಕೆಂದು ಹೇಳಿಕೊಟ್ಟಳು. ಒತ್ತಿ ನೋಡಿದರೆ ಒಂದೇ ಎರಡೇ! ಸಿನಿಮಾ ತೋರಿಸುವವರು, ಹಾಡು ಕೇಳಿಸುವವರು, ದಿನಭವಿಷ್ಯ ಕಳಿಸುವವರು, ಹೊಟ್ಟೆ ಕರಗಿಸುವವರು, ಹಳೇ ಫೋಟೋ ಕಾಯುವವರು. ಎಲ್ಲರೂ ಮೊದಲ ತಿಂಗಳು ಪುಕ್ಕಟೆ ಎಂದು ಒಳಗೆ ಬಂದು, ಆಮೇಲೆ ಹೊರಗೆ ಹೋಗುವುದನ್ನು ಮರೆತವರು. ದಿನಕರ ಒಬ್ಬೊಬ್ಬರನ್ನೇ ನಿಲ್ಲಿಸಿದ. ಅವರೇನು ಸುಮ್ಮನೆ ಹೋಗಲಿಲ್ಲ. "ಖಂಡಿತವಾಗಿಯೂ ನಮ್ಮನ್ನು ಬಿಟ್ಟು ಹೋಗುತ್ತೀರಾ?" ಎಂದು ಒಂದು ಆ್ಯಪು ಅಳುಮೋರೆಯ ಚಿತ್ರ ತೋರಿಸಿತು. ಇನ್ನೊಂದು, ಬಿಡುವುದಕ್ಕೆ ಕಾರಣವೇನೆಂದು ಕೇಳಿತು. ಮತ್ತೊಂದು, ಅರ್ಧ ಬೆಲೆಗಾದರೂ ಇಟ್ಟುಕೊಳ್ಳಿ ಎಂದು ಕಾಲು ಹಿಡಿಯಿತು. ದಿನಕರ ಕರಗಲಿಲ್ಲ. ಇಲ್ಲಿಗೆ ನಿಂತಿದ್ದರೆ ಅವನಷ್ಟು ಬುದ್ಧಿವಂತ ಮೂರು ತಾಲೂಕಿನಲ್ಲಿ ಇರುತ್ತಿರಲಿಲ್ಲ.

ನಿಲ್ಲಲಿಲ್ಲ, ಪುಣ್ಯಾತ್ಮ. ನಲ್ಲಿ ಕೊಳ್ಳಲು ಬಂದವರಿಗೆಲ್ಲ ಬೋಧನೆ ಶುರುವಾಯಿತು. "ತಿಂಗಳು ತಿಂಗಳು ಹೋಗೂದು ಯಾವುದೇ ಇರ್ಲಿ, ಅದು ಸೋರೂ ನಲ್ಲಿ. ವಾಷರ್ ಬದಲು ಮಾಡಿ ಪ್ರಯೋಜನ ಇಲ್ಲ, ನೀರು ಬರೂ ಗೇಟ್‌ವಾಲ್ವೇ ಬಂದ್ ಮಾಡ್ಬೇಕು" ಎಂದು ಬೆರಳೆತ್ತಿ ಹೇಳತೊಡಗಿದ. ಹಾಗೆ ಹೇಳಿದವನು ತನ್ನ ಮನೆಯ ಗೇಟ್‌ವಾಲ್ವ್ ಬಿಟ್ಟುಕೊಂಡಿರುವುದು ಮರ್ಯಾದೆಯಲ್ಲವಲ್ಲ. ಟೀವಿಗೆ ದುಡ್ಡು ಕಟ್ಟುವುದು ನಿಂತಿತು. ಪೇಪರು ನಿಂತಿತು. ಡೇರಿಯ ಹಾಲು ಅರ್ಧವಾಯಿತು. ವಾರಕ್ಕೊಮ್ಮೆ ಕ್ಷೌರದಂಗಡಿಯಲ್ಲಿ ಮಾಡಿಸುತ್ತಿದ್ದ ಗಡ್ಡ ತಿಂಗಳಿಗೊಮ್ಮೆ ಎಂದಾಯಿತು. ಅವನದೂ ಹೆಂಡತಿಯದೂ ಫೋನಿನ ರೀಚಾರ್ಜು ಮುಗಿದದ್ದನ್ನು ಮತ್ತೆ ಹಾಕಿಸಲಿಲ್ಲ.

"ಯಾರಾದ್ರೂ ಫೋನ್ ಮಾಡಿದ್ರೆ?" ಎಂದು ಹೆಂಡತಿ ಮಾಲತಿ ಕೇಳಿದಳು.

"ಒಂದು ವಾರ ಫೋನಿಲ್ದೆ ಇದ್ರೆ ಯಾರೂ ಸಾಯೂದಿಲ್ಲ" ಎಂದ ದಿನಕರ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮಾಲತಿ ಹಿತ್ತಲಿಗೆ ಹೋಗಿ ಅತ್ತಳು. ಅವಳ ಧಾರಾವಾಹಿಯಲ್ಲಿ ಅದೇ ವಾರ ಸೊಸೆಗೆ ವಿಷ ಹಾಕುವುದಿತ್ತು.

ಉಳಿದವಳು ನಾಗಿ ಒಬ್ಬಳು.

ನಾಗಿ ಎಂದರೆ ಮೀನಿನ ನಾಗಿ. ಬಂದರಿನಲ್ಲಿ ಬೋಟು ಖಾಲಿಯಾಗುತ್ತಲೇ ಬುಟ್ಟಿ ತುಂಬಿಕೊಂಡು ಟೆಂಪೋ ಹತ್ತಿ ಮುಟ್ಟಳ್ಳಿಗೆ ಬರುವವಳು. ದಿನಕರನ ಮದುವೆಗಿಂತ ಮೊದಲಿನಿಂದಲೂ ಅವಳ ಬುಟ್ಟಿ ದಿನಾ ಇಳಿಯುತ್ತಿದ್ದದ್ದು ಆ ಮನೆಯ ಜಗಲಿಯ ಮೇಲೆ. ದಿನಕರನ ತಾಯಿ ಸಣ್ಣಮ್ಮ ಕಂಬಕ್ಕೆ ಒರಗಿ ಕೂತು, "ನಾಗೀ, ಎಂತ ತಂದ್ಯೆ?" ಅನ್ನುತ್ತಿದ್ದಳು. ನಾಗಿ ಮೊದಲು ಸುದ್ದಿ ಇಳಿಸುತ್ತಿದ್ದಳು, ಆಮೇಲೆ ಮೀನು. ಯಾರ ಬಲೆ ಹರಿಯಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಅತ್ತೆ ಸೊಸೆ ಬೇರೆ ಒಲೆ ಹೂಡಿದರು, ಎಲ್ಲ ಆಗಬೇಕು. ನಾಲ್ಕು ಬಂಗಡೆ ಕೊಳ್ಳುವುದಕ್ಕೆ ಒಂದು ಎಲೆಯಡಿಕೆಯ ಹೊತ್ತು ಹಿಡಿಯುತ್ತಿತ್ತು.

ಸಣ್ಣಮ್ಮ ಅದರ ಹಿಂದಿನ ವಾರ ಕುಮಟೆಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಕಾರು ಹತ್ತಿ ಹೊರಟದ್ದನ್ನು ಊರೆಲ್ಲ ನೋಡಿತ್ತು. ಆಪರೇಶನ್ ಆದ ಮೇಲೆ ತದಡಿಯಲ್ಲಿ ಮಗಳು ಮಂಗಲಾಳ ಮನೆಯಲ್ಲಿ ಇದ್ದು ತಿರುಗಿ ಬಂದದ್ದು ಒಂದು ರಣಗುಡುವ ಮಧ್ಯಾಹ್ನ, ಊರೆಲ್ಲ ಉಂಡು ಮಲಗಿದ್ದಾಗ. ಬಿಸಿಲು ಧೂಳು ತಾಗಬಾರದೆಂದು ಕಪ್ಪು ಕನ್ನಡಕ ಹಾಕಿಕೊಂಡು ಒಳಕೋಣೆ ಸೇರಿದವಳನ್ನು ಯಾರೂ ಕಂಡಿರಲಿಲ್ಲ.

ಮಾರನೆಯ ಬೆಳಿಗ್ಗೆ ದಿನಕರ ನಾಗಿಯನ್ನು ಅಂಗಳದಲ್ಲೇ ತಡೆದ. ಆ್ಯಪಿಗೆ ಬೇಡ ಅನ್ನುವುದು ಬೇರೆ, ನಾಗಿಗೆ ಅನ್ನುವುದು ಬೇರೆ. ಅವನಿಗೆ ಅವಳ ಮುಖ ನೋಡಲಾಗಲಿಲ್ಲ.

"ಅಮ್ಮ ಬಂದ್ಲಾ ಕುಮಟೆಯಿಂದ? ಕಣ್ಣು ಹೆಂಗದೆ?" ಎಂದು ಕೇಳುತ್ತ ನಾಗಿ ಬುಟ್ಟಿ ಇಳಿಸಲು ಬಗ್ಗಿದಳು.

"ಇಳಿಸ್ಬೇಡ ನಾಗಿ" ಎಂದ ದಿನಕರ ನೆಲ ನೋಡುತ್ತ. "ಇನ್ನು ಮೀನು ಬೇಡ. ಎಲ್ಲಾ ಮುಗೀತು."

ನಾಗಿ ಅವನ ಗಡ್ಡ ನೋಡಿದಳು. ಹಿತ್ತಲ ಕಡೆಯಿಂದ ಕೆಂಪು ಕಣ್ಣು ಒರೆಸಿಕೊಂಡು ಬರುತ್ತಿದ್ದ ಮಾಲತಿಯನ್ನು ನೋಡಿದಳು. ಜಗಲಿಯ ಕಂಬದ ಬುಡ ಖಾಲಿಯಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾರಣ ಕೇಳಲಿಲ್ಲ, ಅರ್ಧಕ್ಕೆ ಕೊಡುತ್ತೇನೆ ಅನ್ನಲಿಲ್ಲ. ಬುಟ್ಟಿ ಎತ್ತಿಕೊಂಡು ಒಂದು ಮಾತೂ ಆಡದೆ ಹೊರಟು ಹೋದಳು. ದಿನಾ "ಬರ್ತೇ ಸಣ್ಣಮ್ಮಾ" ಎಂದು ಕೂಗಿ ಹೋಗುವವಳು ಅದನ್ನೂ ಹೇಳಲಿಲ್ಲ. ಸಿಟ್ಟು ಬಂತೇನೋ ಎಂದು ದಿನಕರ ಅಂದುಕೊಂಡ.

ಸಿಟ್ಟಲ್ಲ. ನಮ್ಮ ಕಡೆ ಸತ್ತವರ ಮನೆಯಿಂದ ಹೊರಡುವಾಗ ಯಾರೂ 'ಬರ್ತೆ' ಅನ್ನುವುದಿಲ್ಲ. ಅಂದರೆ ಸಾವು ಮತ್ತೆ ಬಂದೀತೆಂಬ ಹೆದರಿಕೆ. ಹಾಗೆಯೇ, ಬೋಟು ತುಂಬಿ ಬರುವ ಕಾಲದಲ್ಲಿ, ಶ್ರಾವಣವಲ್ಲ, ಮಾಲೆ ಹಾಕಿದ್ದಿಲ್ಲ, ಸುಖಾಸುಮ್ಮನೆ ಒಂದು ಮನೆ ಮೀನು ಬಿಟ್ಟಿತೆಂದರೆ ಅದಕ್ಕೆ ಒಂದೇ ಅರ್ಥ. ಸೂತಕ. ಸೂತಕದ ಮನೆಯಲ್ಲಿ ಟೀವಿ ಹಾಕುವುದಿಲ್ಲ, ಗಂಡಸರು ಗಡ್ಡ ತೆಗೆಯುವುದಿಲ್ಲ. ಬುದ್ಧಿಯಿದ್ದವರಿಗೆ ಇನ್ನೇನು ಸಾಕ್ಷಿ ಬೇಕು? ನಾಗಿ ಅತ್ತುಕೊಂಡು ಮುಂದಿನ ಮನೆಗೆ ಹೋದಳು, ಅಲ್ಲಿಂದ ಅದರ ಮುಂದಿನ ಮನೆಗೆ. ಮುಟ್ಟಳ್ಳಿಗೆ ಮುಟ್ಟಳ್ಳಿಯೇ ಲೆಕ್ಕ ಹಾಕಿತು: ಸಣ್ಣಮ್ಮ ಕುಮಟೆಯಲ್ಲಿ ತೀರಿಕೊಂಡಳು, ಮಗಳ ಊರು ತದಡಿಯಲ್ಲೇ ಎಲ್ಲಾ ಮುಗಿಸಿ ಬಂದರು. ಕಣ್ಣಿನ ಆಪರೇಶನ್‌ನಲ್ಲಿ ಹೇಗೆ ಸತ್ತಳು ಎಂದು ಒಬ್ಬರು ಕೇಳಿದರು. ಹೃದಯಕ್ಕೂ ಕಣ್ಣಿಗೂ ಒಂದೇ ನರ ಎಂದು ಇನ್ನೊಬ್ಬರು ಸಮಾಧಾನ ಹೇಳಿದರು.

ಸಂಜೆ ಪಕ್ಕದ ತೋಟದ ದುರ್ಗ ಒಂದು ಬುಟ್ಟಿ ಬಸಳೆ, ಮೊಗೆಕಾಯಿ ತಂದು ಜಗಲಿಯ ಮೇಲಿಟ್ಟು ತಲೆ ತಗ್ಗಿಸಿ ಕೂತ. ತನ್ನ ಮಿತವ್ಯಯವನ್ನು ಊರು ಮೆಚ್ಚಿ ತರಕಾರಿ ಕಳಿಸುತ್ತಿದೆ ಎಂದು ದಿನಕರನಿಗೆ ಹೆಮ್ಮೆಯಾಯಿತು.

"ಕೇಳಿ ಬೇಜಾರಾತು ಮಾರಾಯ" ಎಂದ ದುರ್ಗ.

"ಬೇಜಾರ್ ಎಂತಕ್ಕೆ ದುರ್ಗಣ್ಣ? ಮೊದ್ಲೇ ಆಗ್ಬೇಕಿತ್ತು. ಸುಮ್ನೆ ಎಳೀತಾ ಇತ್ತು."

ದುರ್ಗ ಬೆಚ್ಚಿ ತಲೆಯೆತ್ತಿದ. "ಹಂಗೆಲ್ಲ ಹೇಳೂಕಾಗ. ಎಷ್ಟಂದ್ರೂ ಇಷ್ಟು ವರ್ಷ ಮನೇಲಿ ಇದ್ದದ್ದು."

"ಇದ್ರೆ ಆತಾ? ತಿಂಗಳು ತಿಂಗಳು ಖರ್ಚು. ನಾನೇ ಗಟ್ಟಿ ಮನಸ್ಸು ಮಾಡಿ ನಿಲ್ಲಿಸ್ದೆ. ನೀನೂ ನಿಲ್ಸು. ನಿನ್ ಮನೇಲೂ ಅದೆಯಲ್ಲ?"

ದುರ್ಗನ ಮನೆಯಲ್ಲಿ ತೊಂಬತ್ತರ ಹತ್ತಿರದ ಅಪ್ಪ ಇದ್ದ. ಟೀವಿಯೂ ಇತ್ತು, ಆದರೆ ಆ ಹೊತ್ತಿಗೆ ಅವನಿಗೆ ಟೀವಿಯ ನೆನಪಾಗಲಿಲ್ಲ. ಎದ್ದವನೇ ಬರ್ತೆ ಅನ್ನದೆ, ಹಿಂದೆ ತಿರುಗಿಯೂ ನೋಡದೆ ಮನೆಗೆ ಹೋಗಿ ಅಪ್ಪನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ.

ಮಾಲತಿಯದು ಇನ್ನೊಂದು ಕಥೆ. ಡೇರಿಯ ಹತ್ತಿರ ಹೆಂಗಸರು ಅವಳ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. "ಧೈರ್ಯ ತಕ ಮಾಲತಿ, ಮನೆ ಖಾಲಿ ಖಾಲಿ ಅನಿಸ್ತದೆ, ಅಲ್ದಾ?" ಎಂದರು. ಧಾರಾವಾಹಿ ಹೋದ ದುಃಖವನ್ನು ಇಷ್ಟು ಜನ ಅರ್ಥ ಮಾಡಿಕೊಂಡದ್ದನ್ನು ಕಂಡು ಅವಳೂ ಮನಸಾರೆ ಅತ್ತಳು.

ಮನೆಯೊಳಗೆ ಮಾತ್ರ ಅಳುವುದಕ್ಕೆ ನಿಜವಾದ ಕಾರಣ ಹುಟ್ಟುತ್ತಿತ್ತು.

ಸಣ್ಣಮ್ಮ ಮೊದಲ ದಿನ ಕನ್ನಡಕ ಹಾಕಿಕೊಂಡು, ಅಂಗಳದ ಕಡೆ ಕಿವಿಕೊಟ್ಟು, ಊಟದ ಹೊತ್ತಿನವರೆಗೂ ಕಾದಳು. "ನಾಗಿ ಬರ್ಲಿಲ್ಯಾ?" ಎಂದಳು. ಮಾರನೇ ದಿನವೂ ಅದನ್ನೇ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು. ಗಂಜಿ ಕೊಟ್ಟರೆ ಎರಡು ಚಮಚ, ಆಮೇಲೆ ಅದೂ ಇಲ್ಲ.

"ಅತ್ತೆ ಕೈಲಿ ಬಲ ಇಲ್ಲ ಕಾಣಿ. ಇದು ಹಿಂಗೇ ಆದ್ರೆ ಉಳಿಯೂದಿಲ್ಲ" ಎಂದಳು ಮಾಲತಿ. ಅವಳು ಗಂಡನ ಹತ್ತಿರ ಮಾತು ಬಿಟ್ಟವಳು, ಈ ಮಾತಿಗಾಗಿ ಬಾಯಿ ತೆರೆದಿದ್ದಳು.

ದಿನಕರ ಹೋಗಿ ತಾಯಿಯ ಕೈ ಹಿಡಿದು ನೋಡಿದ. ಒಣಗಿದ ಸೋಗೆಯ ಹಾಗೆ ಹಗುರಾಗಿತ್ತು. ಅವನಿಗೆ ಭಯವಾಯಿತು. ನಾಗಿಯನ್ನು ಕರೆದರೆ ಎಲ್ಲ ಸರಿಯಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅಂಗಡಿಯಲ್ಲಿ ಬೆರಳೆತ್ತಿ ಬೋಧನೆ ಮಾಡಿದವನು ಮೀನಿನವಳ ಮುಂದೆ ಹೋಗಿ ಬಾರೇ ಅನ್ನುವುದು ಹೇಗೆ? ಅದಕ್ಕೆ ಒಂದು ನಡುದಾರಿ ಹುಡುಕಿದ. ದಿನಾ ಬೇಡ, ಒಂದು ದಿನಕ್ಕೆ ತಾನೇ ಮಾರ್ಕೆಟ್ಟಿಗೆ ಹೋಗಿ ತಂದರಾಯಿತು.

ಶುಕ್ರವಾರ ಬೆಳಿಗ್ಗೆ ಗಡ್ಡ ಬಿಟ್ಟ ದಿನಕರ ಮೀನು ಮಾರ್ಕೆಟ್ಟಿನ ನಡುವೆ ನಿಂತು ಬಂಗಡೆಯ ಕಿವಿರು ಎತ್ತಿ ನೋಡಿ ಚೌಕಾಸಿ ಮಾಡಿದ. ಬಂಗಾರಿ ಎಂಬ ಮೀನಿನವಳು, ನಾಗಿಯ ಜೊತೆಯವಳು, ಕತ್ತಿ ಕೆಳಗಿಟ್ಟಳು.

"ಅಣ್ಣಾ, ಇದು ಯಾರಿಗೆ?"

"ಮನೆಗೆ. ಯಾರಿಗೆ ಅಂದ್ರೆ?"

"ಈಗ್ಲೇಯಾ?"

"ಈಗ್ಲೇ. ಮಧ್ಯಾಹ್ನ ಸಾರಿಗೆ."

ಬಂಗಾರಿ ದುಡ್ಡು ಮುಟ್ಟಲಿಲ್ಲ. ಬಂಗಡೆಯನ್ನು ಚೀಲಕ್ಕೆ ಹಾಕಿ, ಮುಖ ಆಚೆ ತಿರುಗಿಸಿಕೊಂಡು ಕೊಟ್ಟಳು. ಪುಕ್ಕಟೆ ಸಿಕ್ಕಿತೆಂದು ದಿನಕರ ಖುಷಿಪಟ್ಟ. ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಹೊನ್ನಾವರ ದಾಟಿತ್ತು: ತಾಯಿಯ ಹನ್ನೊಂದನೇ ದಿನ ಕಳೆದಿಲ್ಲ, ಮಗ ಬಂಗಡೆ ಸಾರು ಉಣ್ಣುತ್ತಿದ್ದಾನೆ!

ಇಷ್ಟೆಲ್ಲ ಮಾಡಿ ತಂದ ಮೀನನ್ನು ಸಣ್ಣಮ್ಮ ಮೂಸಿ ನೋಡಿ ಬಟ್ಟಲು ದೂಡಿದಳು. "ಇದು ನಾಗಿ ಮೀನಲ್ಲ" ಎಂದು ಮತ್ತೆ ಗೋಡೆಗೆ ತಿರುಗಿದಳು. ಮೀನಿನಲ್ಲಿ ದೋಷವೇನೂ ಇರಲಿಲ್ಲ. ಅದು ಮಾತಿಲ್ಲದೆ ಬಂದಿತ್ತು, ಅಷ್ಟೇ.

ಭಾನುವಾರ ದಿನಕರ ಕೊನೆಯ ಪ್ರಯತ್ನವೆಂದು, ತಾಯಿಗೆ ಜೀವವಾದ ಶೆಟ್ಲಿ ತರಲು ಹೋದ. ಸಿಗಡಿಗೆ ನಮ್ಮಲ್ಲಿ ಶೆಟ್ಲಿ ಅನ್ನುತ್ತಾರೆ. ಚೀಲ ಹಿಡಿದು ತಿರುಗಿ ಬಂದರೆ ಅಂಗಳದ ತುಂಬ ಜನ. ಕುಮಟೆಯ ಕಡೆಯಿಂದ ಎರಡು ಕಾರು ಬಂದು ನಿಂತಿದ್ದವು. ಹೊನ್ನಾವರದ ಬಸ್ಸಿಳಿದು ಬಂದ ಧನ್ಯಶ್ರೀ ಅಜ್ಜಿ ಅಜ್ಜಿ ಎಂದು ಬೇಲಿಯ ಹತ್ತಿರ ಬಿಕ್ಕುತ್ತಿದ್ದಳು. ತದಡಿಯ ಅಕ್ಕ ಮಂಗಲಾ ಕೂದಲು ಬಿಚ್ಚಿಕೊಂಡು ಅಂಗಳದ ನಡುವೆ ನಿಂತಿದ್ದಳು. ದಿನಕರ ಚೀಲವನ್ನು ಬೆನ್ನ ಹಿಂದೆ ಹಿಡಿದ.

"ಎಲ್ಲಿ ಸುಟ್ಟ್ಯೋ ಅಮ್ಮನ್ನ?" ಎಂದು ಗುಡುಗಿದಳು ಮಂಗಲಾ. "ಹೆತ್ತ ಮಗಳಿಗೆ ಒಂದು ಮಾತಿಲ್ಲ! ಫೋನ್ ಬಂದ್ ಮಾಡಿಟ್ಕಂಡು ಬಂಗಡೆ ತಿಂತ್ಯಾ?"

"ಅಕ್ಕಾ, ಯಾರನ್ನ ಸುಡೂದು?"

ದುರ್ಗ ಮುಂದೆ ಬಂದ. "ಮಂಗಲಕ್ಕ, ತದಡೀಲೇ ಎಲ್ಲಾ ಆತು ಅಂತಲ್ದಾ ನಾವು ತಿಳ್ಕಂಡದ್ದು?"

"ತದಡೀಲಿ? ನಾನೇ ಕೈಯಾರೆ ಕಾರು ಹತ್ತಿಸಿ, ಕನ್ನಡಕ ಹಾಕ್ಸಿ ಜೀವಂತ ಕಳ್ಸಿದ್ದು!"

ತದಡಿಯಲ್ಲಿ ಸುಟ್ಟಿಲ್ಲ. ಮುಟ್ಟಳ್ಳಿಯಲ್ಲಿ ಹೊಗೆ ಕಂಡವರಿಲ್ಲ. ಎಲ್ಲರ ಕಣ್ಣೂ ಮೆಲ್ಲಗೆ ದಿನಕರನ ಮೇಲೆ ಬಂದು ನಿಂತವು.

"ಗಟ್ಟಿ ಮನಸ್ಸು ಮಾಡಿ ನಾನೇ ನಿಲ್ಲಿಸ್ದೆ ಅಂದಿದ್ದ" ಎಂದ ದುರ್ಗ ತಗ್ಗಿದ ಸ್ವರದಲ್ಲಿ. "ತಿಂಗಳು ತಿಂಗಳು ಖರ್ಚು ಅಂದ. ನಂಗೂ ಹೇಳ್ಕೊಟ್ಟ."

ದಿನಕರನ ಕೈಯಿಂದ ಚೀಲ ಜಾರಿತು. ಶೆಟ್ಲಿ ಅಂಗಳದ ತುಂಬ ಚೆಲ್ಲಿತು. ಯಾರೋ ಪೊಲೀಸು ಎಂದರು. ಮಾಲತಿ ಅಡುಗೆಮನೆಯಿಂದ ಓಡಿ ಬಂದು ಏನೋ ಹೇಳಲು ಬಾಯಿ ತೆರೆದಳು, ಅವಳ ಸ್ವರ ಮಂಗಲಾಳ ಬೊಬ್ಬೆಯಲ್ಲಿ ಮುಳುಗಿತು.

ಆಗ ಬೇಲಿ ದಾಟಿ ನಾಗಿ ಬಂದಳು. ಬುಟ್ಟಿಯಿಲ್ಲದ ನಾಗಿಯನ್ನು ಮುಟ್ಟಳ್ಳಿ ಅದೇ ಮೊದಲ ಸಲ ನೋಡಿದ್ದು. ಯಾರ ಕಡೆಗೂ ನೋಡದೆ ನೆಟ್ಟಗೆ ಜಗಲಿಗೆ ಬಂದು, ದಿನಾ ಬುಟ್ಟಿ ಇಳಿಸುತ್ತಿದ್ದ ಜಾಗದಲ್ಲಿ ಕೂತು, ಎದೆ ಹೊಡೆದುಕೊಂಡು ಅಳತೊಡಗಿದಳು.

"ಹೋದ್ಯಾ ನನ್ನ ಸಣ್ಣಮ್ಮಾ! ಇನ್ ಯಾರಿಗೆ ಹೇಳ್ಲೇ ಸುದ್ದಿ! ಬಿಸಿಲಲ್ಲಿ ಬಂದ್ರೆ ನೀರು ಯಾರು ಕೊಡ್ತಾರೇ! ನಾಗೀ ಅಂತ ಇನ್ ಯಾರು ಕರೀತಾರೇ!"

"ನಾಗೀ" ಎಂದು ಒಳಗಿನಿಂದ ಸ್ವರ ಬಂತು. "ಎಂತ ತಂದ್ಯೆ?"

ಮುಂದಿನದನ್ನು ಸರಿಯಾಗಿ ಹೇಳುವವರು ಯಾರೂ ಇಲ್ಲ, ಏಕೆಂದರೆ ನಿಂತು ನೋಡಿದವರು ಕಡಿಮೆ. ದುರ್ಗ ಬೇಲಿಯಲ್ಲಿ ಸಿಕ್ಕಿಕೊಂಡಿದ್ದನ್ನು ಆಮೇಲೆ ಬಿಡಿಸಬೇಕಾಯಿತು. ಕುಮಟೆಯ ಒಂದು ಕಾರು ಜನರನ್ನು ಬಿಟ್ಟು ಚಾಲಕನೊಬ್ಬನನ್ನೇ ಕೂರಿಸಿಕೊಂಡು ಗೇಟಿನವರೆಗೆ ಹೋಗಿತ್ತು. ಮಂಗಲಾ ನಿಂತಲ್ಲೇ ಕುಸಿದು ಕೂತಳು. ಓಡದವಳು ನಾಗಿ ಒಬ್ಬಳೇ. ಕೇಳಿದ್ದಕ್ಕೆ ಉತ್ತರ ಕೊಟ್ಟು ಅವಳಿಗೆ ಅಭ್ಯಾಸ.

"ಎಂತದೂ ತರ್ಲಿಲ್ಲ ಸಣ್ಣಮ್ಮ" ಎಂದಳು ಬಿಕ್ಕುತ್ತಲೇ.

ಕಪ್ಪು ಕನ್ನಡಕದ ಸಣ್ಣಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಇಷ್ಟು ದಿನ ಬರ್ಲಿಲ್ಲ. ಬಂದವಳು ಬರಿಗೈಲಿ ಬಂದ್ಯಾ?" ಎಂದು ಗದರಿದಳು. ಆಮೇಲೆ ಅಂಗಳ ನೋಡಿದಳು. ಹೊಸ ಕಣ್ಣು, ಎಲ್ಲವೂ ನಿಚ್ಚಳವಾಗಿ ಕಂಡಿತು. ಕೂದಲು ಬಿಚ್ಚಿದ ಮಗಳು, ಅಳುವ ಮೊಮ್ಮಗಳು, ಗಡ್ಡ ಬಿಟ್ಟ ಮಗ, ಬೇಲಿಯಲ್ಲಿ ದುರ್ಗ.

"ಇಷ್ಟು ಜನ ಬಂದದ್ದು ಎಂತಕ್ಕೆ? ಯಾರು ಸತ್ರು?"



ಕೊನೆಗೆ ಹೇಳಿದವನು ದಿನಕರನೇ. ತಾಯಿಯ ಕಾಲ ಹತ್ತಿರ ಕೂತು, ಸುಖನಿದ್ರೆಯ ಆ್ಯಪಿನಿಂದ ಹಿಡಿದು ನಾಗಿಯವರೆಗೆ ಎಲ್ಲ ಹೇಳಿ, ಸಣ್ಣ ಮಗುವಿನ ಹಾಗೆ ಅತ್ತ. "ನಾಗೀನೂ ಒಂದು ಖರ್ಚು ಅಂದ್ಕಂಡೆ ಅಮ್ಮ. ತಪ್ಪಾತು." ಅಂಗಳದಲ್ಲಿ ಅಷ್ಟು ಜನರೆದುರು ಅತ್ತದ್ದಕ್ಕೆ ಅವನಿಗೆ ನಾಚಿಕೆಯೂ ಆಗಲಿಲ್ಲ. ಸಣ್ಣಮ್ಮ ಅವನ ಗಡ್ಡ ಸವರಿ, "ಮೊದ್ಲು ಇದನ್ನ ತೆಗೆಸ್ಕ" ಎಂದಳು. ನಾಗಿ ಆಗಲೇ ಅಂಗಳದಲ್ಲಿ ಚೆಲ್ಲಿದ ಶೆಟ್ಲಿ ಹೆಕ್ಕತೊಡಗಿದ್ದಳು.

ಆ ಮಧ್ಯಾಹ್ನ ಸಣ್ಣಮ್ಮ ಎರಡು ಸಲ ಅನ್ನ ಹಾಕಿಸಿಕೊಂಡು ಶೆಟ್ಲಿ ಸಾರು ಉಂಡಳು. ಉಣ್ಣುತ್ತ ಉಣ್ಣುತ್ತ, ತಾನು ಸತ್ತಾಗ ಯಾರು ಹೆಚ್ಚು ಅತ್ತರು, ಯಾರು ಬಾಯಿಮಾತಿಗೆ ಅತ್ತರು, ಯಾರು ಬರಲೇ ಇಲ್ಲ ಎಂಬುದನ್ನೆಲ್ಲ ನಾಗಿಯ ಹತ್ತಿರ ಬಿಡಿಬಿಡಿಯಾಗಿ ಕೇಳಿದಳು. ಅಂಥ ಸುದ್ದಿ ಅವಳಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಪಿಂಚಣಿ ಕಚೇರಿಯ ಗುಮಾಸ್ತನೊಬ್ಬ ದಾರಿಯಲ್ಲಿ ಸುದ್ದಿ ಕೇಳಿ ಬಂದಿದ್ದ. ಸಣ್ಣಮ್ಮನ ಪಿಂಚಣಿ ನಿಲ್ಲಿಸುವಂತೆ ಮೊನ್ನೆಯೇ ಬರೆದಾಗಿದೆ, ಮತ್ತೆ ಶುರುವಾಗಬೇಕಾದರೆ ಅವಳು ಬದುಕಿದ್ದಾಳೆಂದು ದಿನಕರ ಓಡಾಡಿ ರುಜುವಾತು ಮಾಡಬೇಕು ಎಂದ. ಗೇಟ್‌ವಾಲ್ವ್ ತಿರುಗಿಸಿದಷ್ಟು ಸುಲಭವಾಗಿ ನೀರು ತಿರುಗಿ ಬರುವುದಿಲ್ಲವೆಂದು ಮ್ಯಾನೇಜರಿಗೆ ಆಗ ತಿಳಿಯಿತು.

ಹೊರಡುವ ಹೊತ್ತಿಗೆ ಮಂಗಲಾ ಒಂದು ಮಾತು ತೆಗೆದಳು. ಈ ವಾರ ಈ ಮನೆಗೆ ಬಂದವರೆಲ್ಲ ಬರ್ತೆ ಅನ್ನದೆ ಹೋಗಿದ್ದಾರೆ, ಅದು ಹಾಗೇ ಉಳಿಯಬಾರದು. ಆದ್ದರಿಂದ ದುರ್ಗ ಮೊದಲಾಗಿ ಊರವರು, ಹೊನ್ನಾವರದವರು, ಕುಮಟೆಯವರು ಜಗಲಿಯ ಮುಂದೆ ಸಾಲಾಗಿ ಬಂದು, ಒಬ್ಬೊಬ್ಬರಾಗಿ ಗಟ್ಟಿಯಾಗಿ "ಬರ್ತೆ ಸಣ್ಣಮ್ಮ" ಎಂದರು. ಸಣ್ಣಮ್ಮ ಕಂಬಕ್ಕೆ ಒರಗಿ ಕೂತು ಪ್ರತಿಯೊಬ್ಬರಿಗೂ "ಹೋಗ್ಬಾ" ಎಂದಳು. ನಾಗಿ ಎಲ್ಲರಿಗಿಂತ ಕೊನೆಗೆ, ಬೇಲಿ ದಾಟಿದ ಮೇಲೆ, ಹಳೇ ಸ್ವರದಲ್ಲಿ ಕೂಗಿದಳು: "ಬರ್ತೇ ಸಣ್ಣಮ್ಮಾ! ನಾಳೆ ತಾರ್ಲೆ ಮೀನು ತರ್ತೆ!"

ಸುಖನಿದ್ರೆಯವರೂ ಹೊಟ್ಟೆ ಕರಗಿಸುವವರೂ ಮತ್ತೆ ಆ ಮನೆಯೊಳಗೆ ಬರಲಿಲ್ಲ, ಅದರಲ್ಲಿ ದಿನಕರ ಗಟ್ಟಿ. ಆದರೆ ಸೋಮವಾರ ಬೆಳಿಗ್ಗೆ ಅಂಗಡಿಗೆ ಹೊರಟವನು ಅಂಗಳದ ತುದಿಯಿಂದ ತಿರುಗಿ ಬಂದ. ಎಷ್ಟೋ ವರ್ಷಗಳಿಂದ ಅವನು ತಾಯಿಗೆ ಒಂದು ಮಾತೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದವನು. ಜಗಲಿಯ ಹತ್ತಿರ ನಿಂತು, ತುಸು ಸಂಕೋಚದಿಂದ, "ಅಮ್ಮಾ, ಬರ್ತೆ" ಎಂದ.

ಸಣ್ಣಮ್ಮ ಕಪ್ಪು ಕನ್ನಡಕ ತೆಗೆದು ಮಗನನ್ನು ನೋಡಿದಳು.

"ಹೋಗ್ಬಾ" ಎಂದಳು. "ಬರೂವಾಗ ಟೀವಿಗೆ ದುಡ್ಡು ಕಟ್ಕಂಡು ಬಾ. ಆ ಸೊಸೆ ವಿಷ ಕುಡಿದ್ಲೋ ಇಲ್ವೋ, ಮಾಲತಿಗೆ ನಿದ್ದೆ ಇಲ್ಲ."

ದಿನಕರ ಕಟ್ಟಿಕೊಂಡೇ ಬಂದ.